ಕ್ಯಾನ್ಸರ್ ಕೋಶ ನಿಜಕ್ಕೂ ಸತ್ತಿತೇ?

ಸಂಪಾದಕರಿಗೆ,

ಮಾನ್ಯರೇ,

ದೊಡ್ಡ ಕರುಳಿನ ಕ್ಯಾನ್ಸರಿಗೂ ಉರಿಯೂತಕ್ಕೂ ಇರುವ ನಂಟಿನ ಬಗ್ಗೆ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿಗಳು ಮತ್ತೆ ಮತ್ತೆ ಬರುತ್ತವೆ. ಉರಿಯೂತವೇ ಕ್ಯಾನ್ಸರಿನ ಮೂಲ, ಅದನ್ನು ತಗ್ಗಿಸಿದರೆ ರೋಗ ದೂರ ಎಂಬುದು ಒಂದು. ಉರಿಯೂತದ ಇಂಥದ್ದೊಂದು ಅಣು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬುದು ಇನ್ನೊಂದು. ಎರಡನ್ನೂ ಓದಿದವರು ಯಾವುದನ್ನು ನಂಬಬೇಕು? ಎರಡಕ್ಕೂ ಪ್ರಯೋಗದ ಆಧಾರವಿದೆ, ಎರಡೂ ಅರ್ಧಕ್ಕೆ ನಿಂತಿವೆ. ಸೈಟೋಕೈನ್ ಎಂದು ಕರೆಯುವ ಈ ಸಂಕೇತದ ಅಣುಗಳಲ್ಲಿ ಹಲವು, ಒಂದು ಕೋಶವನ್ನು ಉಳಿಸಿ ಪಕ್ಕದ ಕೋಶವನ್ನು ಕೊಲ್ಲಬಲ್ಲವು. ಸಾಯಬೇಕೋ ಉಳಿಯಬೇಕೋ ಎಂಬ ತೀರ್ಮಾನ ಆಗುವುದು ಸಂಕೇತ ಪಡೆದ ಕೋಶದ ಒಳಗೆ, ಆ ಕೋಶದಲ್ಲಿ ಯಾವ ಪ್ರೋಟೀನು ಇದೆ, ಯಾವುದು ಕಾಣೆಯಾಗಿದೆ ಎಂಬುದರ ಮೇಲೆ. ವರದಿಗಳಲ್ಲಿ ಬಿಟ್ಟುಹೋಗುವುದು ಇದೇ ಭಾಗವಾದ್ದರಿಂದ ಈ ಪತ್ರ ತುಸು ವಿವರವಾಗಿದೆ.

ಟಿಎನ್‌ಎಫ್ (ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಅಂದರೆ ಗಡ್ಡೆ ಕೊಳೆಯಿಸುವ ಅಂಶ) ಎಂಬ ಸೈಟೋಕೈನಿನಿಂದ ಶುರು ಮಾಡಬಹುದು. ಲಾಯ್ಡ್ ಓಲ್ಡ್ ಅವರ ತಂಡ 1975ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟಿತು. ಬಿಸಿಜಿ ಸೋಂಕು ಕೊಟ್ಟು, ಆಮೇಲೆ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಚುಚ್ಚಿದ ಇಲಿಗಳ ಸೀರಂ, ಬೇರೆ ಇಲಿಗಳಲ್ಲಿದ್ದ ಗಡ್ಡೆಯ ನಡುಭಾಗವನ್ನು ಕೊಳೆಯಿಸಿತ್ತು. ಹಾಗೆ ಕೊಳೆಯಲು ಮುಖ್ಯ ಕಾರಣ, ಗಡ್ಡೆಗೆ ರಕ್ತ ಒಯ್ಯುವ ನಾಳಗಳು ಕೆಟ್ಟದ್ದು. ಕ್ಯಾನ್ಸರ್ ಕೋಶಗಳ ಮೇಲೆ ನೇರವಾಗಿ ಟಿಎನ್‌ಎಫ್ ಹಾಕಿದರೆ ಹೆಚ್ಚಿನವು ಸಾಯುವುದಿಲ್ಲ. ರಕ್ತನಾಳದ ಮೂಲಕ ಇಡೀ ದೇಹಕ್ಕೆ ಕೊಟ್ಟರೆ ರಕ್ತದೊತ್ತಡ ಕುಸಿದು ರೋಗಿಯೇ ಅಪಾಯಕ್ಕೆ ಸಿಲುಕುತ್ತಾನೆ. ಹಾಗಾಗಿ ಯುರೋಪಿನಲ್ಲಿ 1999ರಲ್ಲಿ ಅನುಮತಿ ಸಿಕ್ಕಿದ್ದು ಕೈ ಅಥವಾ ಕಾಲಿನ ಸಾರ್ಕೋಮಾಕ್ಕೆ (ಸ್ನಾಯು, ಕೊಬ್ಬು ಮುಂತಾದ ಮೃದು ಅಂಗಾಂಶದ ಕ್ಯಾನ್ಸರಿಗೆ) ಮಾತ್ರ, ಅದೂ ಆ ಅಂಗದ ರಕ್ತಸಂಚಾರವನ್ನು ಉಳಿದ ದೇಹದಿಂದ ಬೇರ್ಪಡಿಸಿ ಔಷಧ ಹಾಯಿಸುವ ವಿಧಾನಕ್ಕೆ. ಕರುಳಿನ ಕ್ಯಾನ್ಸರಿಗೆ ಈ ದಾರಿಯಿಲ್ಲ.

ಟಿಎನ್‌ಎಫ್ ತಗುಲಿದ ಕೋಶ ಏಕೆ ಸಾಯುವುದಿಲ್ಲ? ಹೊರಪೊರೆಯ ಟಿಎನ್‌ಎಫ್‌ಆರ್-1 ಗ್ರಾಹಕಕ್ಕೆ ಅದು ಅಂಟಿದ ಕೆಲವೇ ನಿಮಿಷಗಳಲ್ಲಿ ಒಳಬದಿಯಲ್ಲಿ ಪ್ರೋಟೀನುಗಳ ಒಂದು ಕೂಟ ಕಟ್ಟಿಕೊಳ್ಳುತ್ತದೆ. ಟ್ರ್ಯಾಡ್, ಟ್ರಾಫ್-2, ರಿಪ್‌ಕೆ-1, ಜೊತೆಗೆ ಸಿಐಎಪಿ ಎಂಬ ಎರಡು ಪ್ರೋಟೀನುಗಳು ಅಲ್ಲಿ ಸೇರುತ್ತವೆ. ಸಿಐಎಪಿಗಳು ರಿಪ್‌ಕೆ-1ರ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿಗಳನ್ನು ಹೆಣೆಯುತ್ತವೆ, ಆ ಸರಪಳಿಗೆ ಬಂದು ಕೂರುವ ಕಿಣ್ವಗಳು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಬಿಡುಗಡೆ ಮಾಡುತ್ತವೆ. ಅದು ಕೋಶಕೇಂದ್ರಕ್ಕೆ ಹೋಗಿ ಸಿ-ಫ್ಲಿಪ್, ಎ-20, ಬಿಸಿಎಲ್-ಎಕ್ಸ್‌ಎಲ್ ಮುಂತಾದ ರಕ್ಷಕ ಪ್ರೋಟೀನುಗಳನ್ನು ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಸ್ವಲ್ಪ ಹೊತ್ತಿನ ನಂತರ ಕೋಶರಸದಲ್ಲಿ ಎರಡನೆಯ ಕೂಟ ಕಟ್ಟಿಕೊಳ್ಳಲು ನೋಡುತ್ತದೆ. ಅದರಲ್ಲಿ ಫ್ಯಾಡ್ ಎಂಬ ಪ್ರೋಟೀನೂ, ಬೇರೆ ಪ್ರೋಟೀನುಗಳನ್ನು ಕತ್ತರಿಸಿ ಕೋಶವನ್ನು ಸಾವಿಗೆ ತಳ್ಳುವ ಕ್ಯಾಸ್ಪೇಸ್-8 ಎಂಬ ಕಿಣ್ವವೂ ಇರುತ್ತವೆ, ಕೊಲ್ಲುವ ಸಾಮರ್ಥ್ಯ ಇರುವುದು ಇದಕ್ಕೇ. ಅಷ್ಟರಲ್ಲಿ ತಯಾರಾಗಿರುವ ಸಿ-ಫ್ಲಿಪ್ ಕ್ಯಾಸ್ಪೇಸ್-8ಕ್ಕೆ ಜೋಡಿಯಾಗಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಟಿಎನ್‌ಎಫ್ ಕಳಿಸಿದ ಒಂದೇ ಸಂಕೇತದಲ್ಲಿ ಸಾವಿನ ಆಜ್ಞೆಯೂ ಅದರ ತಡೆಯಾಜ್ಞೆಯೂ ಇವೆ, ಸಾಮಾನ್ಯವಾಗಿ ತಡೆಯಾಜ್ಞೆ ಮೊದಲು ತಲುಪುತ್ತದೆ.

ಈ ಮಾತಿಗೆ ಪುರಾವೆ ಸರಳ. ಹೊಸ ಪ್ರೋಟೀನು ತಯಾರಾಗದಂತೆ ಸೈಕ್ಲೊಹೆಕ್ಸಿಮೈಡ್ ಹಾಕಿ ಆಮೇಲೆ ಟಿಎನ್‌ಎಫ್ ಕೊಟ್ಟರೆ, ಅದುವರೆಗೆ ಜಗ್ಗದಿದ್ದ ಕೋಶಗಳು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ಸಿ-ಫ್ಲಿಪ್ ಬಹಳ ಬೇಗ ಸವೆದುಹೋಗುವ ಪ್ರೋಟೀನು, ಪೂರೈಕೆ ನಿಂತರೆ ಕಾವಲೂ ಹೋಯಿತು. ಕೋಶದ್ದೇ ಆದ ಸ್ಮ್ಯಾಕ್ ಎಂಬ ಪ್ರೋಟೀನನ್ನು ಹೋಲುವ, ಸ್ಮ್ಯಾಕ್ ಅನುಕರಿಗಳು ಎಂಬ ಔಷಧಗಳು ಸಿಐಎಪಿಗಳನ್ನೇ ನಾಶಮಾಡಿ ಇದೇ ಪರಿಣಾಮ ತರುತ್ತವೆ.

ಇಂಟರ್‌ಫೆರಾನ್ ಗ್ಯಾಮಾ ಈ ಲೆಕ್ಕವನ್ನು ಬದಲಿಸುತ್ತದೆ. ಟಿ-ಕೋಶಗಳು ಮತ್ತು ಎನ್‌ಕೆ-ಕೋಶಗಳು ಎಂಬ ರೋಗನಿರೋಧಕ ಕೋಶಗಳು ಸ್ರವಿಸುವ ಈ ಸೈಟೋಕೈನ್ ಜಾಕ್-1, ಜಾಕ್-2, ಸ್ಟ್ಯಾಟ್-1 ಎಂಬ ಪ್ರೋಟೀನುಗಳ ದಾರಿಯಾಗಿ, ಜೀನ್‌ಗಳನ್ನು ಚಾಲೂ ಮಾಡುವ ಐಆರ್‌ಎಫ್-1ನ್ನು ಹೆಚ್ಚಿಸುತ್ತದೆ. ಅದರ ಫಲವಾಗಿ ಕೋಶದಲ್ಲಿ ಕ್ಯಾಸ್ಪೇಸ್-8 ಮತ್ತು, ಸಾವಿನ ಸಂಕೇತ ಪಡೆಯುವ ಫ್ಯಾಸ್ ಗ್ರಾಹಕದ ಪ್ರಮಾಣ ಏರುತ್ತದೆ. ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿರುವ ಎಚ್‌ಟಿ-29 ಎಂಬ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಟಿಎನ್‌ಎಫ್ ಒಂದನ್ನೇ ಕೊಟ್ಟರೆ ಹೆಚ್ಚೇನೂ ಆಗುವುದಿಲ್ಲ. ಮೊದಲು ಒಂದು ದಿನ ಇಂಟರ್‌ಫೆರಾನ್ ಗ್ಯಾಮಾದಲ್ಲಿ ಇರಿಸಿ ಆಮೇಲೆ ಟಿಎನ್‌ಎಫ್ ಸೇರಿಸಿದರೆ ಸಾವು ಎದ್ದು ಕಾಣುತ್ತದೆ. ಎರಡರಲ್ಲಿ ಯಾವುದು ಕೊಂದಿತು ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಒಂದು ಕೋಶವನ್ನು ಸಜ್ಜುಗೊಳಿಸಿತು, ಇನ್ನೊಂದು ಪ್ರಚೋದಿಸಿತು. ಹಾಗಾಗಿ ‘ಟಿಎನ್‌ಎಫ್ ಕೊಲ್ಲುತ್ತದೆ’ ಎಂಬ ವರದಿಯಲ್ಲಿ ಜೊತೆಗೆ ಏನು ಹಾಕಿದ್ದರು, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಎಂಬುದಿಲ್ಲದಿದ್ದರೆ ಮುಖ್ಯ ಸುದ್ದಿಯೇ ಬಿಟ್ಟುಹೋದಂತೆ.

ಕ್ಯಾಸ್ಪೇಸ್-8 ಎಚ್ಚೆತ್ತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕರುಳಿನ ಕೋಶಗಳಲ್ಲಿ ಸಾವಿನ ಸಂಕೇತ ಬಲವಾಗಲು ಅನೇಕ ವೇಳೆ ಮೈಟೊಕಾಂಡ್ರಿಯದ ನೆರವು ಬೇಕು. ಬಿಡ್ ಎಂಬ ಪ್ರೋಟೀನು ಕತ್ತರಿಸಲ್ಪಟ್ಟು, ಬ್ಯಾಕ್ಸ್ ಮೈಟೊಕಾಂಡ್ರಿಯಕ್ಕೆ ರಂಧ್ರ ಮಾಡಿ, ಹೊರಬಂದ ಸ್ಮ್ಯಾಕ್, ಕ್ಯಾಸ್ಪೇಸ್‌ಗಳನ್ನು ತಡೆದಿಟ್ಟಿರುವ ಎಕ್ಸ್‌ಐಎಪಿಯನ್ನು ಬದಿಗೆ ಸರಿಸಿದ ಮೇಲಷ್ಟೇ ಕೊನೆಯ ಹಂತದ ಕೊಲೆಗಾರ ಕಿಣ್ವ ಕ್ಯಾಸ್ಪೇಸ್-3 ಪೂರ್ಣ ಪ್ರಮಾಣದಲ್ಲಿ ಕೆಲಸಕ್ಕಿಳಿಯುತ್ತದೆ. ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿರುವ, ಎಂಎಸ್‌ಐ ಎನ್ನುವ ಗುಂಪಿನ ಗಡ್ಡೆಗಳಲ್ಲಿ ಬ್ಯಾಕ್ಸ್ ಜೀನಿನ ಸಾಲಾಗಿ ಎಂಟು ಗ್ವಾನಿನ್ ಇರುವ ಜಾಗದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾಗಿ ಆ ಪ್ರೋಟೀನೇ ಇಲ್ಲವಾಗುವುದು ಸಾಮಾನ್ಯ. ಇವೇ ಗಡ್ಡೆಗಳಲ್ಲಿ ಟಿಜಿಎಫ್-ಬೀಟಾ ಗ್ರಾಹಕದ ಜೀನಿನ ಹತ್ತು ಅಡೆನಿನ್‌ಗಳ ಸಾಲೂ ಹೀಗೆಯೇ ಕೆಡುತ್ತದೆ, ಬೆಳವಣಿಗೆ ನಿಲ್ಲಿಸು ಎನ್ನುವ ಆ ಸೈಟೋಕೈನಿನ ಮಾತು ಕೋಶಕ್ಕೆ ಕೇಳಿಸದಂತಾಗುತ್ತದೆ. ಕರುಳಿನ ಎಚ್‌ಸಿಟಿ-116 ಕೋಶಗಳಿಂದ ಬ್ಯಾಕ್ಸ್ ತೆಗೆದರೆ, ಟ್ರೈಲ್ ಎಂಬ ಸಾವಿನ ಸಂಕೇತಕ್ಕೆ ಅವು ಬಗ್ಗುವುದೇ ಇಲ್ಲ.

ಇನ್ನು ಉಳಿಸುವ ಮುಖ. ಇದಕ್ಕೆ ನಮಗೆ ಸಿಕ್ಕಿರುವ ಅತ್ಯುತ್ತಮ ಪ್ರಯೋಗ 2004ರದ್ದು ಎಂಬುದು ನಮ್ಮ ಅಭಿಪ್ರಾಯ. ಫ್ಲೋರಿಯನ್ ಗ್ರೆಟನ್, ಮೈಕೆಲ್ ಕರಿನ್ ಮತ್ತು ಸಂಗಡಿಗರು ಇಲಿಗಳ ಕರುಳಿನ ಒಳಪದರದ ಕೋಶಗಳಲ್ಲಿ ಮಾತ್ರ ಐಕೆಕೆ-ಬೀಟಾ ಕಿಣ್ವವನ್ನು ತೆಗೆದರು. ಎನ್‌ಎಫ್-ಕಪ್ಪಾ-ಬಿ ಚಾಲೂ ಆಗಲು ಬೇಕಾದ ಕಿಣ್ವ ಅದು. ಆ ಇಲಿಗಳಲ್ಲಿ ಉರಿಯೂತ ಕಡಿಮೆಯಾಗಲಿಲ್ಲ. ಗಡ್ಡೆಗಳ ಸಂಖ್ಯೆ ಮಾತ್ರ ಸುಮಾರು 80 ಶೇಕಡದಷ್ಟು ಇಳಿಯಿತು. ಆರಂಭದ ಹಂತದಲ್ಲೇ ಹಾನಿಗೊಂಡ ಕೋಶಗಳು ಅಪೊಪ್ಟೋಸಿಸ್‌ನಿಂದ (ಕೋಶ ತನ್ನನ್ನು ತಾನೇ ಕ್ರಮಬದ್ಧವಾಗಿ ಮುಗಿಸಿಕೊಳ್ಳುವ ಬಗೆಯಿಂದ) ಸತ್ತುಹೋಗಿದ್ದವು. ಬದಲಿಗೆ ಮ್ಯಾಕ್ರೊಫೇಜ್ ಮುಂತಾದ ರೋಗನಿರೋಧಕ ಕೋಶಗಳಲ್ಲಿ ಅದೇ ಕಿಣ್ವವನ್ನು ತೆಗೆದಾಗ ಗಡ್ಡೆಗಳ ಗಾತ್ರ ಕುಗ್ಗಿತು, ಏಕೆಂದರೆ ಐಎಲ್-6 (ಇಂಟರ್‌ಲ್ಯೂಕಿನ್-6) ರೀತಿಯ ಸೈಟೋಕೈನುಗಳ ಪೂರೈಕೆ ತಗ್ಗಿತ್ತು. ಉರಿಯೂತ ಅಷ್ಟೇ ಇದ್ದರೂ ಕೋಶದ ಒಳಗಿನ ಒಂದು ಕಿಣ್ವ ಇಲ್ಲದಿದ್ದರೆ ಗಡ್ಡೆ ಹುಟ್ಟುವುದೇ ಅಪರೂಪವಾಗುತ್ತದೆ. ಉರಿಯೂತ ಇಷ್ಟು, ಹಾಗಾಗಿ ಅಪಾಯ ಇಷ್ಟು ಎಂದು ನೇರ ಲೆಕ್ಕ ಹಾಕುವವರು ಈ ಫಲಿತಾಂಶವನ್ನು ಎದುರಿಟ್ಟುಕೊಂಡು ಮಾತಾಡಬೇಕು.

ಇಂಥ ಪ್ರಯೋಗಗಳ ವಿಧಾನವೂ ಓದುಗರಿಗೆ ಗೊತ್ತಿರಲಿ. ಇಲಿಯ ಹೊಟ್ಟೆಯೊಳಗೆ ಅಜಾಕ್ಸಿಮೀಥೇನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕವನ್ನು ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ಒಮ್ಮೆ ಚುಚ್ಚುತ್ತಾರೆ. ಸುಮಾರು ವಾರದ ಬಳಿಕ ಕುಡಿಯುವ ನೀರಿಗೆ, ಕರುಳಿನಲ್ಲಿ ಹುಣ್ಣು ಮತ್ತು ಉರಿಯೂತ ಎಬ್ಬಿಸುವ ಡೆಕ್ಸ್‌ಟ್ರಾನ್ ಸಲ್ಫೇಟ್ ಅನ್ನು 2ರಿಂದ 2.5 ಶೇಕಡ ಬೆರೆಸಿ 5ರಿಂದ 7 ದಿನ ಕೊಡುತ್ತಾರೆ, ಆಮೇಲೆ ಎರಡು ವಾರ ಬರೀ ನೀರು. ಹೀಗೆ ಮೂರು ಸುತ್ತು. ಡೆಕ್ಸ್‌ಟ್ರಾನ್ ಸಲ್ಫೇಟ್‌ನ ಅಣುತೂಕ 36,000ದಿಂದ 50,000 ಡಾಲ್ಟನ್ ಇರಬೇಕು. ಬೇರೆ ತೂಕದ್ದಾದರೆ ಕರುಳಿನ ಬೇರೆ ಭಾಗದಲ್ಲಿ ಬೇರೆ ತೀವ್ರತೆಯ ಹುಣ್ಣಾಗುತ್ತದೆ ಅಥವಾ ಆಗುವುದೇ ಇಲ್ಲ. ಒಂದು ಗುಂಪಿನ ಇಲಿಗಳು ಕಡಿಮೆ ನೀರು ಕುಡಿದರೆ ಅವಕ್ಕೆ ಗಡ್ಡೆಯೂ ಕಡಿಮೆ, ಅದನ್ನು ಔಷಧದ ಗುಣವೆಂದು ತಿಳಿಯುವ ಅಪಾಯವಿದೆ. ಆದ್ದರಿಂದ ಕುಡಿದ ನೀರನ್ನೂ ದೇಹತೂಕವನ್ನೂ ದಿನವೂ ಬರೆದಿಡದ ಪ್ರಯೋಗವನ್ನು ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ.

ಐಎಲ್-6ರ ಕತೆ ಇನ್ನೂ ಸೂಕ್ಷ್ಮ. ಅದು ಜಿಪಿ-130 ಗ್ರಾಹಕದ ಮೂಲಕ ಸ್ಟ್ಯಾಟ್-3ನ್ನು ಚಾಲೂ ಮಾಡುತ್ತದೆ. ಸ್ಟ್ಯಾಟ್-3 ಸಾವನ್ನು ತಡೆಯುವ ಬಿಸಿಎಲ್-ಎಕ್ಸ್‌ಎಲ್, ಎಂಸಿಎಲ್-1, ಸರ್ವೈವಿನ್ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. 2009ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದಂತೆ, ಐಎಲ್-6 ಇಲ್ಲದ ಅಥವಾ ಕರುಳಿನ ಒಳಪದರದಲ್ಲಿ ಸ್ಟ್ಯಾಟ್-3 ಇಲ್ಲದ ಇಲಿಗಳಲ್ಲಿ ಗಡ್ಡೆಗಳು ಕಡಿಮೆ. ಆದರೆ ಅವೇ ಇಲಿಗಳ ಕರುಳು ಡೆಕ್ಸ್‌ಟ್ರಾನ್ ಸಲ್ಫೇಟ್‌ನಿಂದ ಹೆಚ್ಚು ಹಾನಿಗೊಂಡಿತು. ಗಡ್ಡೆಯ ಕೋಶವನ್ನು ಸಾವಿನಿಂದ ಕಾಯುವ ಸಂಕೇತವೇ ಆರೋಗ್ಯವಂತ ಒಳಪದರವನ್ನೂ ಕಾಯುತ್ತದೆ. ಐಎಲ್-6 ಗ್ರಾಹಕವನ್ನು ತಡೆಯುವ ಟೋಸಿಲಿಜುಮ್ಯಾಬ್ ಔಷಧದ ಎಚ್ಚರಿಕೆಗಳಲ್ಲಿ ಕರುಳು ತೂತಾಗುವ ಅಪಾಯವೂ ಸೇರಿದೆ. ಐಎಲ್-6ನ್ನೇ ಹಿಡಿಯುವ ಸಿಲ್ಟುಕ್ಸಿಮ್ಯಾಬ್ ಅನ್ನು ಕರುಳಿನ ಕ್ಯಾನ್ಸರ್ ಸೇರಿದಂತೆ ಘನ ಗಡ್ಡೆಗಳಿರುವ ರೋಗಿಗಳಿಗೆ ಕೊಟ್ಟು ನೋಡಿದಾಗ ಒಂಟಿಯಾಗಿ ಅದು ಫಲ ಕೊಡಲಿಲ್ಲ. ‘ಐಎಲ್-6 ತಗ್ಗಿಸಿ, ಕ್ಯಾನ್ಸರ್ ಗೆಲ್ಲಿ’ ಎಂಬ ಧಾಟಿಯ ಶೀರ್ಷಿಕೆಗಳು ನಮಗೆ ಕಳವಳ ತರುವುದು ಇದಕ್ಕೇ.

ಕೋಶ ಸಾಯುವ ಬಗೆಯೂ ಒಂದೇ ಅಲ್ಲ. ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗಿ, ಪೊರೆ ಹರಿಯದೆ ತುಂಡುತುಂಡಾಗಿ, ನೆರೆಯ ಕೋಶಗಳಿಗೆ ಆಹಾರವಾಗುತ್ತದೆ. ಕ್ಯಾಸ್ಪೇಸ್-8 ಕಟ್ಟಿಹಾಕಲ್ಪಟ್ಟಿದ್ದರೆ ರಿಪ್‌ಕೆ-1 ಮತ್ತು ರಿಪ್‌ಕೆ-3 ಸೇರಿ ಎಂಎಲ್‌ಕೆಎಲ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತವೆ, ಅದು ಹೊರಪೊರೆಯನ್ನು ಒಡೆಯುತ್ತದೆ. ಇದು ನೆಕ್ರೊಪ್ಟೋಸಿಸ್. ಗ್ಯಾಸ್ಡರ್ಮಿನ್ ಪ್ರೋಟೀನು ಕತ್ತರಿಸಲ್ಪಟ್ಟು ಪೊರೆಯಲ್ಲಿ ರಂಧ್ರ ಕೊರೆದರೆ ಅದು ಪೈರೊಪ್ಟೋಸಿಸ್, ಐಎಲ್-1 ಬೀಟಾ ಹೊರಚೆಲ್ಲುವುದು ಈ ದಾರಿಯಲ್ಲೇ. ಕೊನೆಯ ಎರಡರಲ್ಲಿ ಕೋಶದ ಒಳಗಿನದೆಲ್ಲ ಹೊರಬಿದ್ದು ಮತ್ತಷ್ಟು ಉರಿಯೂತ ಹುಟ್ಟುತ್ತದೆ. ಅದು ಟಿ-ಕೋಶಗಳನ್ನು ಗಡ್ಡೆಯತ್ತ ಕರೆಯಲೂಬಹುದು, ಉಳಿದ ಗಡ್ಡೆಗೆ ಗೊಬ್ಬರವೂ ಆಗಬಹುದು. ಕರುಳಿನ ಕ್ಯಾನ್ಸರಿನ ಅನೇಕ ಕೋಶಗಳು ಮೆಥೈಲ್ ಗುರುತು ಹಚ್ಚಿ ರಿಪ್‌ಕೆ-3 ಮತ್ತು ಗ್ಯಾಸ್ಡರ್ಮಿನ್-ಇ ಜೀನ್‌ಗಳ ಬಾಯಿ ಮುಚ್ಚಿಸಿರುತ್ತವೆ. ಎಚ್‌ಟಿ-29ರಲ್ಲಿ ರಿಪ್‌ಕೆ-3 ಇದೆ, ಎಚ್‌ಸಿಟಿ-116ರಲ್ಲಿ ಹೆಚ್ಚುಕಡಿಮೆ ಇಲ್ಲ. ಟಿಎನ್‌ಎಫ್, ಸ್ಮ್ಯಾಕ್ ಅನುಕರಿ ಮತ್ತು ಕ್ಯಾಸ್ಪೇಸ್ ತಡೆಯುವ ಜೆಡ್‌ವ್ಯಾಡ್, ಈ ಮೂರನ್ನೂ ಒಟ್ಟಿಗೆ ಕೊಟ್ಟರೆ ಮೊದಲನೆಯದು ಒಡೆದು ಸಾಯುತ್ತದೆ, ಎರಡನೆಯದು ತಡೆದುಕೊಳ್ಳುತ್ತದೆ. ಒಂದು ಕೋಶಬಳಗದ ಫಲಿತಾಂಶವನ್ನು ‘ಕರುಳಿನ ಕ್ಯಾನ್ಸರ್’ ಎಂದು ಬರೆಯುವಾಗ ಇದು ನೆನಪಿನಲ್ಲಿರಬೇಕು.

ಈಗ ಶೀರ್ಷಿಕೆಯ ಪ್ರಶ್ನೆ. ‘ಅರ್ಧದಷ್ಟು ಕೋಶಗಳು ಸತ್ತವು’ ಎಂದು ಸುದ್ದಿಯಾಗುವ ಎಷ್ಟೋ ಪ್ರಯೋಗಗಳಲ್ಲಿ ಅಳೆದದ್ದು ಸಾವನ್ನೇ ಅಲ್ಲ. ಬಹಳ ಬಳಕೆಯ ಎಂಟಿಟಿ ಪರೀಕ್ಷೆಯಲ್ಲಿ ಜೀವಂತ ಕೋಶದ ಕಿಣ್ವಗಳು ಹಳದಿ ಬಣ್ಣದ ವಸ್ತುವನ್ನು ನೇರಳೆ ಮಾಡುತ್ತವೆ, ಆ ನೇರಳೆಯನ್ನು 570 ನ್ಯಾನೊಮೀಟರ್ ಬೆಳಕಿನಲ್ಲಿ ಓದುತ್ತಾರೆ. ಸುಮಾರು ದಿನಕ್ಕೊಮ್ಮೆ ದುಪ್ಪಟ್ಟಾಗುವ 5,000 ಕೋಶಗಳನ್ನು ಬಿತ್ತಿದರೆ 72 ಗಂಟೆಯಲ್ಲಿ ಅವು 40,000 ಆಗುತ್ತವೆ. ಸೈಟೋಕೈನ್ ಸೇರಿಸಿದ ಗುಳಿಯಲ್ಲಿ ದುಪ್ಪಟ್ಟಾಗಲು 36 ಗಂಟೆ ಹಿಡಿದರೆ 20,000 ಆಗುತ್ತವೆ. ಬಣ್ಣ ಅರ್ಧಕ್ಕಿಳಿಯಿತು, ಒಂದು ಕೋಶವೂ ಸತ್ತಿಲ್ಲ. ಇಂಟರ್‌ಫೆರಾನ್ ಗ್ಯಾಮಾ ಬೆಳವಣಿಗೆಯನ್ನು ನಿಧಾನಗೊಳಿಸುವ ಅಣುವಾದ್ದರಿಂದ ಈ ತಪ್ಪು ಇಲ್ಲಿ ಸುಲಭವಾಗಿ ನುಸುಳುತ್ತದೆ. ಸೈಟೋಕೈನ್ ಹಾಕಿದ ಹೊತ್ತಿನಲ್ಲೇ ಒಂದು ತಟ್ಟೆಯನ್ನು ಓದಿಟ್ಟುಕೊಂಡರೆ ಗೊಂದಲ ಅರ್ಧ ಕರಗುತ್ತದೆ: ಕೊನೆಯ ಅಳತೆ ಆ ಮೊದಲ ಅಳತೆಗಿಂತ ಕೆಳಗಿಳಿದಿದ್ದರೆ ಮಾತ್ರ ಕೋಶಗಳು ಸತ್ತಿರಬೇಕು ಎಂದು ಅನುಮಾನಿಸಬಹುದು.

ಸಾವನ್ನು ನೇರವಾಗಿ ಅಳೆಯಲು ಅನೆಕ್ಸಿನ್-ವಿ ಮತ್ತು ಪ್ರೊಪಿಡಿಯಂ ಅಯೋಡೈಡ್ ಬಣ್ಣಗಳಿವೆ. ಮೊದಲನೆಯದು ಸಾಯುತ್ತಿರುವ ಕೋಶದ ಹೊರಮೈಗೆ ಅಂಟುತ್ತದೆ, ಎರಡನೆಯದು ಪೊರೆ ಹರಿದ ಕೋಶದೊಳಗೆ ಮಾತ್ರ ಹೋಗುತ್ತದೆ. ಅಲ್ಲೂ ಎಡವುವ ಜಾಗಗಳು ಬೇಕಾದಷ್ಟು. ಸತ್ತ ಕೋಶಗಳು ತಳ ಬಿಟ್ಟು ದ್ರಾವಣದಲ್ಲಿ ತೇಲುತ್ತವೆ. ಹಳೆಯ ದ್ರಾವಣವನ್ನು ಚೆಲ್ಲಿ, ಅಂಟಿಕೊಂಡವನ್ನಷ್ಟೇ ಎಬ್ಬಿಸಿ ಎಣಿಸಿದರೆ ಸತ್ತವರನ್ನು ಸಿಂಕಿಗೆ ಸುರಿದು ಬದುಕಿದವರನ್ನು ಎಣಿಸಿದಂತೆ. ಅಂಟಿದ ಕೋಶಗಳನ್ನು ಎಬ್ಬಿಸುವ ಟ್ರಿಪ್ಸಿನ್ ಕಿಣ್ವದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಪೊರೆ ಹಾಳಾಗಿ ಜೀವಂತ ಕೋಶವೂ ಸತ್ತಂತೆ ಬಣ್ಣ ಹಿಡಿಯುತ್ತದೆ. ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು. ಟ್ರಿಪ್ಸಿನ್ ಜೊತೆ ಬರುವ ಇಡಿಟಿಎಯನ್ನು ತೊಳೆಯದೆ ಬಿಟ್ಟರೆ ಅದು ಕ್ಯಾಲ್ಸಿಯಂ ಕಿತ್ತುಕೊಂಡು ಸಾವು ಇದ್ದರೂ ಕಾಣದಂತೆ ಮಾಡುತ್ತದೆ. ಎರಡೂ ಬಣ್ಣ ಹಿಡಿದ ಕೋಶ ಸತ್ತಿದೆ ಎನ್ನಬಹುದು, ಹೇಗೆ ಸತ್ತಿತು ಎನ್ನಲಾಗದು. ಬಗೆ ತಿಳಿಯಲು ಪ್ರೋಟೀನುಗಳನ್ನೇ ನೋಡಬೇಕು. ಡಿಎನ್‌ಎ ದುರಸ್ತಿಯ ಪ್ರೋಟೀನಾದ ಪಾರ್ಪ್ 116ರಿಂದ 89 ಕಿಲೋಡಾಲ್ಟನ್‌ಗೆ ಇಳಿದು, ಕ್ಯಾಸ್ಪೇಸ್-3ರ 17 ಮತ್ತು 19ರ ತುಂಡುಗಳು ಕಂಡರೆ ಅಪೊಪ್ಟೋಸಿಸ್ ಕಡೆಗೆ ಬೆರಳು ತೋರಿಸಬಹುದು. ಎಂಎಲ್‌ಕೆಎಲ್‌ನ 358ನೆಯ ಸೆರಿನ್‌ಗೆ ಫಾಸ್ಫೇಟ್ ಅಂಟಿದ್ದರೆ ನೆಕ್ರೊಪ್ಟೋಸಿಸ್. ಜೊತೆಗೆ ತಡೆಔಷಧ ಕೊಟ್ಟಾಗ ಕೋಶ ಬದುಕಬೇಕು. ಇಲ್ಲೊಂದು ಬಲೆಯಿದೆ. ರಿಪ್‌ಕೆ-1 ತಡೆಯಲು ಹಳೆಯ ನೆಕ್ರೊಸ್ಟಾಟಿನ್-1 ಬಳಸಿದರೆ, ಅದು ಐಡಿಒ ಕಿಣ್ವವನ್ನೂ ತಡೆಯುತ್ತದೆ. ಇಂಟರ್‌ಫೆರಾನ್ ಗ್ಯಾಮಾ ಹೆಚ್ಚಿಸುವುದು ಅದೇ ಐಡಿಒವನ್ನು, ಟ್ರಿಪ್ಟೊಫಾನ್ ಬರಿದಾಗಿಸಿ ಬೆಳವಣಿಗೆ ಕುಂಠಿಸುವುದೂ ಅದೇ. ಹಾಗಾಗಿ ಕೋಶ ಚೇತರಿಸಿಕೊಂಡದ್ದು ಯಾವ ಕಾರಣಕ್ಕೆ ಎಂದು ಹೇಳಲಾಗುವುದಿಲ್ಲ. ಈ ಅಡ್ಡಪರಿಣಾಮವಿಲ್ಲದ ನೆಕ್ರೊಸ್ಟಾಟಿನ್-1ಎಸ್ ಬಳಸುವುದೇ ಸರಿ.

ಸೈಟೋಕೈನಿನ ಸೀಸೆಯಲ್ಲೂ ತೊಂದರೆಗಳಿವೆ. ಮಾನವ ಇಂಟರ್‌ಫೆರಾನ್ ಗ್ಯಾಮಾ ಇಲಿಯ ಕೋಶಗಳ ಮೇಲೆ ಕೆಲಸ ಮಾಡುವುದಿಲ್ಲ. ಮಾನವ ಟಿಎನ್‌ಎಫ್ ಇಲಿಯ ಮೊದಲನೆಯ ಗ್ರಾಹಕಕ್ಕೆ ಅಂಟುತ್ತದೆ, ಎರಡನೆಯದಕ್ಕೆ ಅಂಟುವುದಿಲ್ಲ. ಸಿಟಿ-26 ಅಥವಾ ಎಂಸಿ-38ರಂಥ ಇಲಿ ಕೋಶಗಳಿಗೆ ಮಾನವ ಸೈಟೋಕೈನ್ ಹಾಕಿ ‘ಪರಿಣಾಮವಿಲ್ಲ’ ಎಂದರೆ ಅದು ಉತ್ತರವಲ್ಲ. ತೀರ ತೆಳುವಾದ ದ್ರಾವಣದಲ್ಲಿ ಸೈಟೋಕೈನ್ ನಳಿಕೆಯ ಪ್ಲಾಸ್ಟಿಕ್ಕಿಗೇ ಅಂಟಿಹೋಗುತ್ತದೆ, ಹಾಗಾಗಿ 0.1 ಶೇಕಡ ಆಲ್ಬುಮಿನ್ ಬೆರೆಸಿ, ಚಿಕ್ಕ ಪಾಲುಗಳಾಗಿ ಹಂಚಿ ಶೈತ್ಯದಲ್ಲಿಡುವುದು ರೂಢಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಶಕ್ತಿ ಕುಗ್ಗುತ್ತದೆ. ಪ್ರಮಾಣದ ಮಾತೂ ಮುಖ್ಯ. ತಟ್ಟೆಯಲ್ಲಿ ಮಿಲಿಲೀಟರಿಗೆ 10ರಿಂದ 100 ನ್ಯಾನೊಗ್ರಾಂ ಟಿಎನ್‌ಎಫ್ ಹಾಕುತ್ತಾರೆ, ಮನುಷ್ಯರ ರಕ್ತದಲ್ಲಿ ಅದನ್ನು ಅಳೆಯುವುದು ಪಿಕೊಗ್ರಾಂಗಳಲ್ಲಿ, ಅಂದರೆ ಸಾವಿರ ಪಟ್ಟು ಕೆಳಗಿನ ಮಾನದಲ್ಲಿ. ಗಡ್ಡೆಯ ಒಳಗೆ ರೋಗನಿರೋಧಕ ಕೋಶದ ಪಕ್ಕದಲ್ಲೇ ಪ್ರಮಾಣ ಹೆಚ್ಚಿರಬಹುದು, ಆದರೂ ವರದಿಯಲ್ಲಿ ಈ ಸಂಖ್ಯೆ ಇರಲೇಬೇಕು.

ರೋಗಿಗಳಿಗೆ ಇದರಿಂದ ಏನು? ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನ ಒಳಪದರದಲ್ಲಿ ದೀರ್ಘಕಾಲ ಉರಿಯೂತ, ಹುಣ್ಣು ಆಗುವ ಕಾಯಿಲೆಗೆ) ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಮುಂತಾದ ಔಷಧ ಪಡೆಯುತ್ತಿರುವವರು, ಟಿಎನ್‌ಎಫ್ ಕ್ಯಾನ್ಸರನ್ನು ಕೊಲ್ಲುತ್ತದಂತೆ ಎಂಬ ಸುದ್ದಿ ಓದಿ ಅದನ್ನು ನಿಲ್ಲಿಸಬಾರದು. ವರ್ಷಗಟ್ಟಲೆ ಆರದ ಉರಿಯೂತವೇ ಅವರಿಗಿರುವ ದೊಡ್ಡ ಅಪಾಯ. ದೊಡ್ಡ ಕರುಳಿನ ಹೆಚ್ಚು ಭಾಗಕ್ಕೆ ರೋಗ ಹರಡಿದ್ದರೆ ಲಕ್ಷಣ ಶುರುವಾದ 8 ವರ್ಷಗಳ ಹೊತ್ತಿಗೆ ಕೊಲೊನೊಸ್ಕೋಪಿ ತಪಾಸಣೆ ಆರಂಭವಾಗಬೇಕು. ಪಿತ್ತನಾಳಗಳ ಸ್ಕ್ಲಿರೋಸಿಂಗ್ ಕೊಲ್ಯಾಂಜೈಟಿಸ್ ಕೂಡ ಇರುವವರಿಗೆ ಅದು ಪತ್ತೆಯಾದ ದಿನದಿಂದಲೇ, ವರ್ಷಕ್ಕೊಮ್ಮೆ.

ಎಂಎಸ್‌ಐ ಗುಂಪಿನ ಗಡ್ಡೆಗಳಿಗೆ ಪೆಂಬ್ರೊಲಿಜುಮ್ಯಾಬ್ ರೀತಿಯ, ರೋಗನಿರೋಧಕ ಕೋಶಗಳ ಕಡಿವಾಣ ಬಿಚ್ಚುವ ಇಮ್ಯುನೊಥೆರಪಿ ಚೆನ್ನಾಗಿ ನಾಟುತ್ತದೆ. ಅಲ್ಲಿ ಟಿ-ಕೋಶಗಳು ಗಡ್ಡೆಗೆ ನುಗ್ಗಿ ಇಂಟರ್‌ಫೆರಾನ್ ಗ್ಯಾಮಾ ಸ್ರವಿಸುತ್ತವೆ, ಅಂದರೆ ಅಲ್ಲಿ ಚಿಕಿತ್ಸೆಯೇ ಒಂದು ಬಗೆಯ ಉರಿಯೂತ. ಜಾಕ್-1 ಕೆಟ್ಟಿರುವ ಕೋಶಗಳು ಆ ಸಂಕೇತಕ್ಕೆ ಕಿವುಡಾಗಿ ತಪ್ಪಿಸಿಕೊಳ್ಳಬಲ್ಲವು. ಹಾಗಾಗಿ ಕರುಳಿನ ಕ್ಯಾನ್ಸರ್ ಪತ್ತೆಯಾದ ಪ್ರತಿಯೊಬ್ಬರೂ ತಮ್ಮ ಗಡ್ಡೆಗೆ ಎಂಎಸ್‌ಐ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಬೇಕು. ಆಸ್ಪಿರಿನ್ ವಿಚಾರದಲ್ಲೂ ಪರೀಕ್ಷೆಯೇ ಮೊದಲು. 2025ರಲ್ಲಿ ಪ್ರಕಟವಾದ, ಉತ್ತರ ಯುರೋಪಿನ ದೇಶಗಳಲ್ಲಿ ನಡೆದ ಅಲಾಸ್ಕಾ (ALASCCA) ಎಂಬ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಮೂರು ವರ್ಷ ತೆಗೆದುಕೊಂಡವರಲ್ಲಿ ರೋಗ ಮರುಕಳಿಸಿದ್ದು, ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗೆ ಹೋಲಿಸಿದರೆ, ಸುಮಾರು ಅರ್ಧದಷ್ಟು. ಆ ಪ್ರಯೋಗಕ್ಕೆ ಆರಿಸಿದ್ದು ಗಡ್ಡೆಯಲ್ಲಿ, ಬೆಳವಣಿಗೆಯ ಸಂಕೇತ ಸಾಗಿಸುವ ಪಿಐ3ಕೆ ದಾರಿಯ ಜೀನ್‌ಗಳು ಬದಲಾಗಿದ್ದವರನ್ನು ಮಾತ್ರ. ಜಠರದ ಹುಣ್ಣು ಇದ್ದವರಿಗೆ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಆಸ್ಪಿರಿನ್‌ನಿಂದ ರಕ್ತಸ್ರಾವವಾಗಬಹುದು. ತಮ್ಮ ಗಡ್ಡೆಯ ಜೀನ್ ವರದಿ ಕೈಯಲ್ಲಿಲ್ಲದೆ, ವೈದ್ಯರನ್ನು ಕೇಳದೆ ಯಾರೂ ಅದನ್ನು ಶುರುಮಾಡಬಾರದು.

ಇಂತಿ,
ಕ್ಯಾನ್ಸರ್ ಕೋಶಗಳ ಅಧ್ಯಯನದಲ್ಲಿ ತೊಡಗಿರುವ ಕೆಲವು ಓದುಗರು